ಒಳ್ಳೆ ಕೊಲೆಸ್ಟ್ರಾಲ್ 98: ಬ್ಯಾಡಗಿಯ ದಲಾಲರೊಬ್ಬರ ಪ್ರಕರಣ

ರೋಗಿಗೆ 54 ವರ್ಷ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇದೆ. ಹೆಸರು, ಅಂಗಡಿಯ ಗುರುತು ಹೇಳುವುದಿಲ್ಲ. ಬರೆಯುವುದಕ್ಕೆ ಅವರ ಒಪ್ಪಿಗೆ ಇದೆ. "ನನ್ನಂಗ ತಿಳ್ಕೊಂಡೋರು ಮಾರ್ಕೆಟ್ಟಿನ್ಯಾಗ ಭಾಳ ಮಂದಿ ಅದಾರ್ರಿ, ಬರೀರಿ" ಎಂದು ಅವರೇ ಹೇಳಿದರು.

ಹಾವೇರಿಯ ನನ್ನ ದವಾಖಾನೆಗೆ ಅವರು ಎದೆನೋವು, ಆಯಾಸ ಅಂತ ಬಂದವರಲ್ಲ. ಮನೆಯವರು, ಅಂದರೆ ಅವರ ಹೆಂಡತಿ, ಹಟ ಹಿಡಿದು ಕರೆದುಕೊಂಡು ಬಂದಿದ್ದರು. ಎರಡು ವರ್ಷದ ಹಿಂದೆ ಇನ್ನೊಬ್ಬ ವೈದ್ಯರು ಬಿಪಿಗೆ ಒಂದು, ಕೊಲೆಸ್ಟ್ರಾಲ್‌ಗೆ ಒಂದು ಗುಳಿಗೆ ಬರೆದುಕೊಟ್ಟಿದ್ದರು. ಎಂಟು ತಿಂಗಳಿಂದ ಇವರು ಎರಡನ್ನೂ ಬಿಟ್ಟಿದ್ದರು. ಬಿಡುವುದಕ್ಕೆ ಕಾರಣ ಒಂದು ರಿಪೋರ್ಟ್. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ಅಪ್ಪನಿಗೆ ಪೂರ್ತಿ ತಪಾಸಣೆಯ ಪ್ಯಾಕೇಜ್ ಮಾಡಿಸಿದ್ದ. ಅದರಲ್ಲಿ ಎಚ್‌ಡಿಎಲ್ 94 ಬಂದಿತ್ತು. ಅಂಗಡಿಯ ಪಕ್ಕದವರು ನೋಡಿ, "ಇದು ಒಳ್ಳೆ ಕೊಲೆಸ್ಟ್ರಾಲ್, ನಮಗೆಲ್ಲ ಮೂವತ್ತೈದು ದಾಟೂದಿಲ್ಲ, ನಿನಗ ಡಬಲ್‌ಗಿಂತ ಜಾಸ್ತಿ ಐತಿ" ಎಂದರಂತೆ. ಅಲ್ಲಿಗೆ ಗುಳಿಗೆ ನಿಂತಿತು.

"ಒಳ್ಳೇದು ಇಷ್ಟು ಇದ್ದಮ್ಯಾಲ ಕೆಟ್ಟದ್ದು ಎಷ್ಟರ ಇರ್ಲಿ ಸಾಹೇಬ್ರ, ಅದನ್ನ ಇದು ತಿಂದ್ ಹಾಕ್ತೈತಿ. ಸುಮ್ನ ಗುಳಿಗಿ ಯಾಕ್ರಿ?"

ಈ ಮಾತಿನ ಸುತ್ತಲೇ ಈ ಪ್ರಕರಣ ಇದೆ. ತುಂಬ ಜನ ಹೀಗೇ ತಿಳಿದಿದ್ದಾರೆ. ಹಾಗೆ ತಿಳಿಯುವುದಕ್ಕೆ ಕಾರಣವೂ ಇದೆ. ನಾವು ವೈದ್ಯರೇ ಹತ್ತಾರು ವರ್ಷ ಹಾಗೆ ಹೇಳಿಕೊಟ್ಟಿದ್ದೇವೆ.

ರಿಪೋರ್ಟ್ ಹೇಳಿದ್ದು

ಹೊಸದಾಗಿ ರಕ್ತ ಪರೀಕ್ಷೆ ಮಾಡಿಸಿದೆ. ಒಟ್ಟು ಕೊಲೆಸ್ಟ್ರಾಲ್ 282, ರಕ್ತದ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ 180, ಎಚ್‌ಡಿಎಲ್ 98, 'ಕೆಟ್ಟ' ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ 148. ಎಲ್ಲವೂ ಒಂದು ಡೆಸಿಲೀಟರ್ ರಕ್ತದಲ್ಲಿರುವ ಮಿಲಿಗ್ರಾಂ ಲೆಕ್ಕ. ರಿಪೋರ್ಟಿನ ಕೆಳಗೆ ಒಟ್ಟು ಕೊಲೆಸ್ಟ್ರಾಲನ್ನು ಎಚ್‌ಡಿಎಲ್‌ನಿಂದ ಭಾಗಿಸಿದ ಅನುಪಾತ ಇತ್ತು, 2.9. ಅದರ ಮುಂದೆ 'ಅಪಾಯ ಕಡಿಮೆ' ಎಂದು ಅಚ್ಚಾಗಿತ್ತು.

ಈ ಅನುಪಾತದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಸಾಮಾನ್ಯ ಜನರಲ್ಲಿ ಅದು ಕೆಲಸಕ್ಕೆ ಬರುವ ಲೆಕ್ಕವೇ. ಆದರೆ ಕೆಳಗಿನ ಅಂಕಿ, ಅಂದರೆ ಎಚ್‌ಡಿಎಲ್, ಯಾವುದೋ ಕಾರಣಕ್ಕೆ ಉಬ್ಬಿಕೊಂಡರೆ ಭಾಗಾಕಾರದ ಉತ್ತರ ತಾನಾಗಿಯೇ ಚಿಕ್ಕದಾಗುತ್ತದೆ. ರಕ್ತನಾಳಕ್ಕೆ ತೊಂದರೆ ಕೊಡುವ ಕೊಲೆಸ್ಟ್ರಾಲ್ ಒಂದು ಮಿಲಿಗ್ರಾಂ ಕೂಡ ಕಡಿಮೆ ಆಗಿರುವುದಿಲ್ಲ. ಇವರ ವಿಷಯದಲ್ಲಿ ಆದದ್ದು ಅದೇ. ನಾನು ಅನುಪಾತ ಬಿಟ್ಟು ಕಳೆಯುವ ಲೆಕ್ಕ ಮಾಡಿದೆ. 282ರಲ್ಲಿ 98 ತೆಗೆದರೆ 184. ಇದಕ್ಕೆ ನಾನ್-ಎಚ್‌ಡಿಎಲ್ ಅನ್ನುತ್ತೇವೆ. ನಾಳದ ಗೋಡೆಯೊಳಗೆ ಹೋಗಿ ಕೂರಬಲ್ಲ ಎಲ್ಲ ಕೊಲೆಸ್ಟ್ರಾಲ್ ಇದರಲ್ಲಿ ಬಂತು. ಇದು 130ರ ಒಳಗಿದ್ದರೆ ಒಳ್ಳೆಯದು. 184 ಅಂದರೆ ಸಾಕಷ್ಟು ಜಾಸ್ತಿ. ಈ ಲೆಕ್ಕಕ್ಕೆ ಬೇರೆ ಪರೀಕ್ಷೆ ಬೇಡ, ದುಡ್ಡೂ ಬೇಡ. ಯಾರ ಹಳೆ ರಿಪೋರ್ಟ್ ತೆಗೆದರೂ ಪೆನ್ನು ಹಿಡಿದು ಮಾಡಬಹುದು.

ಉಳಿದ ವಿವರ: ಬಿಪಿ 152/94, ಸ್ವಲ್ಪ ಹೊತ್ತು ಕೂರಿಸಿ ಮತ್ತೆ ನೋಡಿದರೂ ಹೆಚ್ಚು ಕಡಿಮೆ ಅಷ್ಟೇ. ಸೊಂಟದ ಸುತ್ತಳತೆ 98 ಸೆಂಟಿಮೀಟರ್. ನಮ್ಮ ಗಂಡಸರಿಗೆ 90 ದಾಟಬಾರದು. ಮೂರು ತಿಂಗಳ ಸಕ್ಕರೆ ಸರಾಸರಿ 6.0, ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ಬೀಡಿ ಸಿಗರೇಟು ಇಲ್ಲ. ಅಣ್ಣನಿಗೆ 51ನೇ ವಯಸ್ಸಿಗೆ ಹೃದಯಾಘಾತ ಆಗಿ ಹುಬ್ಬಳ್ಳಿಯಲ್ಲಿ ಸ್ಟೆಂಟ್ ಹಾಕಿದ್ದಾರೆ. ಈ ಕೊನೆಯ ಮಾತನ್ನು ಅವರು ಹೇಳಲಿಲ್ಲ, ಮನೆಯವರು ಹೇಳಿದರು. ಒಡಹುಟ್ಟಿದ ಗಂಡಸಿಗೆ 55ರ ಒಳಗೆ ಹೃದಯಾಘಾತ ಆಗಿದ್ದರೆ ಅದನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಎಲ್ಲಿಂದ ಬಂತು ಈ 98?

ನಮ್ಮ ಕಡೆ ಗಂಡಸರಲ್ಲಿ ಎಚ್‌ಡಿಎಲ್ 98 ಅಪರೂಪ. ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಕೊಲೆಸ್ಟ್ರಾಲ್ ವರದಿ 2014ರಲ್ಲಿ ಬಂತು. ಪರೀಕ್ಷೆ ಮಾಡಿದವರಲ್ಲಿ ಶೇ. 72ರಷ್ಟು ಜನರಿಗೆ ಎಚ್‌ಡಿಎಲ್ ಕಡಿಮೆಯೇ ಇತ್ತು. ನನ್ನ ಮುಂದೆ ಬರುವವರಲ್ಲೂ ಹೆಚ್ಚಿನವರದು 32, 36, 38. ಗಂಡಸರಿಗೆ 40, ಹೆಂಗಸರಿಗೆ 50 ಇದ್ದರೆ ಸಾಕು ಅನ್ನುವ ಊರಿನಲ್ಲಿ 98 ಕಂಡರೆ ಖುಷಿಪಡುವ ಮೊದಲು ಅದು ಯಾಕೆ ಅಷ್ಟಾಯಿತು ಎಂದು ಕೇಳಬೇಕು.

ಕಾರಣಗಳು ಹಲವು. ವಂಶದಿಂದ ಬರುವ ಜೀನ್ ಬದಲಾವಣೆ ಇರಬಹುದು. ದಿನಾ ಮೈಮುರಿದು ದುಡಿಯುವ, ಓಡುವ ಜನರಲ್ಲಿ ಎಚ್‌ಡಿಎಲ್ ಸ್ವಲ್ಪ ಏರುತ್ತದೆ, ಆದರೆ ಇಷ್ಟು ಏರುವುದು ಕಡಿಮೆ. ಈಸ್ಟ್ರೋಜನ್ ಇರುವ ಗುಳಿಗೆ, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಪಿತ್ತನಾಳದ ಕೆಲವು ಕಾಯಿಲೆ ಕೂಡ ಏರಿಸುತ್ತವೆ. ಇವರ ಥೈರಾಯ್ಡ್ ಸರಿ ಇತ್ತು. ಬೇರೆ ಔಷಧಿ ಇರಲಿಲ್ಲ. ಗಾದಿಯ ಮೇಲೆ ಕೂತು ಮಾಡುವ ವ್ಯಾಪಾರ, ಓಡಾಟವೂ ಅಷ್ಟಕ್ಕಷ್ಟೇ.

ಇನ್ನು ಉಳಿದದ್ದು ಕುಡಿತ. ಕೇಳಿದೆ.

"ಸಂಜೀಕ ಸ್ವಲ್ಪ ತಗೋತೀನ್ರಿ. ಎಲ್ಲಾರೂ ತಗೊಳ್ಳುವಂಗ."

ಮನೆಯವರು ತಲೆ ಎತ್ತದೆ ಹೇಳಿದರು: "ಸ್ವಲ್ಪ ಅಲ್ರಿ ಡಾಕ್ಟ್ರ. ದಿನಾ ಒಂದ್ ಕ್ವಾರ್ಟರ್. ಸೀಸನ್ ಟೈಮಿನ್ಯಾಗ ಅದಕ್ಕೂ ಜಾಸ್ತಿ."

ಒಂದು ಕ್ವಾರ್ಟರ್ ಅಂದರೆ 180 ಮಿಲಿಲೀಟರ್. ನಮ್ಮಲ್ಲಿ ಸಿಗುವ ವಿಸ್ಕಿಯಲ್ಲಿ ಮದ್ಯಸಾರ ಶೇ. 42.8. ತೂಕಕ್ಕೆ ಹಾಕಿದರೆ ದಿನಕ್ಕೆ ಸುಮಾರು 60 ಗ್ರಾಂ ಶುದ್ಧ ಮದ್ಯಸಾರ. ಇದು ಸ್ವಲ್ಪ ಅಲ್ಲವೇ ಅಲ್ಲ.

ಯಕೃತ್ತಿನ ಪರೀಕ್ಷೆ ಮಾಡಿಸಿದಾಗ ಮಾತು ಮುಚ್ಚಿಡುವ ಹಾಗೇ ಇರಲಿಲ್ಲ. ಜಿಜಿಟಿ 142. ಇದು ಸಾಮಾನ್ಯವಾಗಿ 60ರ ಒಳಗಿರಬೇಕು. ಯಕೃತ್ತಿನ ಇನ್ನೆರಡು ಕಿಣ್ವಗಳು, ಎಎಸ್‌ಟಿ 71, ಎಎಲ್‌ಟಿ 44. ಬರೀ ಕೊಬ್ಬಿನಿಂದ ಯಕೃತ್ತು ಕೆಟ್ಟಿದ್ದರೆ ಮೊದಮೊದಲು ಎಎಲ್‌ಟಿ ಮೇಲಿರುತ್ತದೆ, ಕುಡಿತದಲ್ಲಿ ಎಎಸ್‌ಟಿ ಮೇಲೆ ಹೋಗುತ್ತದೆ. ಕೆಂಪು ರಕ್ತಕಣದ ಗಾತ್ರವೂ ದೊಡ್ಡದಾಗಿ 101ಕ್ಕೆ ಬಂದಿತ್ತು. ಮೂರೂ ಒಂದೇ ಕಡೆಗೆ ಬೆರಳು ತೋರಿಸುತ್ತಿದ್ದವು. ಅನುಪಾತದ ಕೆಳಗಿನ ಅಂಕಿಯನ್ನು ಉಬ್ಬಿಸಿದ್ದು ಬಾಟಲಿ.

ಕುಡಿತದಿಂದ ಎಚ್‌ಡಿಎಲ್ ಏರುವುದು ನಿಜ. ಎಚ್‌ಡಿಎಲ್ ಕಣ ಕಟ್ಟುವ ಪ್ರೋಟೀನನ್ನು ಯಕೃತ್ತು ಜಾಸ್ತಿ ಹೊರಬಿಡುತ್ತದೆ. ಎಚ್‌ಡಿಎಲ್‌ನಿಂದ ಕೊಲೆಸ್ಟ್ರಾಲ್ ತೆಗೆದು ಬೇರೆ ಕಣಗಳಿಗೆ ದಾಟಿಸುವ ಸಿಇಟಿಪಿ ಎಂಬ ಪ್ರೋಟೀನಿನ ಕೆಲಸ ತಗ್ಗುತ್ತದೆ. ಹಾಗಾಗಿ ಅಂಕಿ ಮೇಲೆ ಹೋಗುತ್ತದೆ. ಮಾರುಕಟ್ಟೆಯ ಗೆಳೆಯರು ಇವರಿಗೆ ಇನ್ನೊಂದು ಮಾತು ಹೇಳಿದ್ದರು: "ಎರಡು ಪೆಗ್ ಹಾಕಿದ್ರ ಒಳ್ಳೆ ಕೊಲೆಸ್ಟ್ರಾಲ್ ಏರತೈತಿ, ಹಾರ್ಟಿಗೆ ಛಲೋ." ಮಾತಿನ ಮೊದಲರ್ಧ ನಿಜ, ಎರಡನೆಯ ಅರ್ಧ ಸುಳ್ಳು. ಅರ್ಧ ನಿಜ ಇರುವುದರಿಂದಲೇ ಈ ಮಾತು ಇಷ್ಟು ವರ್ಷ ಬದುಕಿದೆ. ಅದೇ ಕುಡಿತ ಅವರ ಬಿಪಿ ಏರಿಸಿತ್ತು, ಟ್ರೈಗ್ಲಿಸರೈಡ್ ಏರಿಸಿತ್ತು, ಯಕೃತ್ತು ಕೆಡಿಸುತ್ತಿತ್ತು. ಅದ್ಯಾವುದೂ ಗೆಳೆಯರ ಮಾತಿನಲ್ಲಿ ಇರಲಿಲ್ಲ.

ಲಾರಿಯ ಲೆಕ್ಕ

ಇವರಿಗೆ ಹೇಗೆ ತಿಳಿಸಿ ಹೇಳುವುದು? ಅವರ ಮಾರುಕಟ್ಟೆಯದೇ ಮಾತು ತೆಗೆದೆ. ಎಚ್‌ಡಿಎಲ್ ಕಣ ಲಾರಿ ಇದ್ದ ಹಾಗೆ. ರಕ್ತನಾಳದ ಗೋಡೆಯಿಂದ ಕೊಲೆಸ್ಟ್ರಾಲ್ ತುಂಬಿಕೊಂಡು ಯಕೃತ್ತಿಗೆ ತಂದು ಇಳಿಸಬೇಕು. ನಮ್ಮ ರಕ್ತ ಪರೀಕ್ಷೆ ಅಳೆಯುವುದು ಆ ಹೊತ್ತಿಗೆ ರಸ್ತೆಯಲ್ಲಿರುವ ಲಾರಿಗಳಲ್ಲಿ ಎಷ್ಟು ಮಾಲು ಇದೆ ಅನ್ನುವುದನ್ನು ಮಾತ್ರ. ಮೋಟೆಬೆನ್ನೂರಿನ ತನಕ ಲಾರಿಗಳ ಸಾಲು ನಿಂತಿದ್ದರೆ ವ್ಯಾಪಾರ ಜೋರಾಗಿದೆ ಅಂತಲೂ ಇರಬಹುದು, ಹಮಾಲರು ಬಾರದೆ ಮಾಲು ಇಳಿಯುತ್ತಿಲ್ಲ ಅಂತಲೂ ಇರಬಹುದು, ಅಲ್ವಾ?

ಅವರು ಥಟ್ಟನೆ ಹಿಡಿದರು. "ಅಂದ್ರ ಲಾರಿ ಎಣಿಸಿದ್ರ ಉಪಯೋಗಿಲ್ಲ. ತೂಕದ ಚೀಟಿ ನೋಡ್ಬೇಕು ಅನ್ರಿ."

ಹಾಗೇ. ಇದು ಬರೀ ಹೋಲಿಕೆಯೂ ಅಲ್ಲ. ಯಕೃತ್ತಿನಲ್ಲಿ ಎಚ್‌ಡಿಎಲ್‌ನಿಂದ ಮಾಲು ಇಳಿಸಿಕೊಳ್ಳುವ ಒಂದು ಗ್ರಾಹಕ ಇದೆ, ಎಸ್‌ಆರ್-ಬಿ1 ಎಂದು ಹೆಸರು. ಅಪರೂಪಕ್ಕೆ ಕೆಲವರಲ್ಲಿ ಹುಟ್ಟಿನಿಂದಲೇ ಅದರ ಜೀನ್ ಕೆಟ್ಟಿರುತ್ತದೆ. 2016ರಲ್ಲಿ ಪ್ರಕಟವಾದ ಸಂಶೋಧನೆ ಇಂಥವರನ್ನು ಹುಡುಕಿ ನೋಡಿತು. ಅವರ ಎಚ್‌ಡಿಎಲ್ ತುಂಬ ಜಾಸ್ತಿ ಇತ್ತು, ಹೃದಯದ ಕಾಯಿಲೆಯ ಅಪಾಯವೂ ಜಾಸ್ತಿಯೇ ಇತ್ತು. ಇನ್ನು ತೂಕದ ಚೀಟಿಯ ಮಾತು. ಒಬ್ಬರ ಎಚ್‌ಡಿಎಲ್ ಜೀವಕೋಶಗಳಿಂದ ಎಷ್ಟು ಕೊಲೆಸ್ಟ್ರಾಲ್ ಎಳೆದುಕೊಳ್ಳಬಲ್ಲದು ಎಂದು ಅಳೆಯುವ ಪರೀಕ್ಷೆ ಸಂಶೋಧನಾಲಯಗಳಲ್ಲಿ ಇದೆ. ಅಮೆರಿಕದ ಡಾಲಸ್‌ನಲ್ಲಿ 2,924 ಜನರ ಮೇಲೆ ನಡೆದ ಅಧ್ಯಯನ 2014ರಲ್ಲಿ ಬಂತು. ಎಳೆಯುವ ಶಕ್ತಿ ಚೆನ್ನಾಗಿದ್ದವರಿಗೆ ಮುಂದೆ ಹೃದಯದ ತೊಂದರೆ ಕಡಿಮೆ ಆಯಿತು. ಬರೀ ಎಚ್‌ಡಿಎಲ್ ಅಂಕಿ ಅಷ್ಟು ಚೆನ್ನಾಗಿ ಭವಿಷ್ಯ ಹೇಳಲಿಲ್ಲ. ಆದರೆ ಆ ಪರೀಕ್ಷೆ ಹಾವೇರಿ, ಹುಬ್ಬಳ್ಳಿಯ ಲ್ಯಾಬಿನಲ್ಲಿ ಮಾಡಿಸುವಂಥದ್ದಲ್ಲ.

ಹಾಗಾದರೆ 'ಒಳ್ಳೆಯದು' ಅನ್ನುವ ಹೆಸರು ಹೇಗೆ ಬಂತು? ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ 1977ರಲ್ಲಿ ಹೇಳಿತು: ಎಚ್‌ಡಿಎಲ್ ಜಾಸ್ತಿ ಇದ್ದವರಿಗೆ ಹೃದಯದ ಕಾಯಿಲೆ ಕಡಿಮೆ. ಅದು ಸುಳ್ಳಲ್ಲ, ಇವತ್ತಿಗೂ ಎಚ್‌ಡಿಎಲ್ ತೀರಾ ಕಡಿಮೆ ಇದ್ದರೆ ನಾನು ಹುಷಾರಾಗುತ್ತೇನೆ. ಆದರೆ ಎಚ್‌ಡಿಎಲ್ ಜಾಸ್ತಿ ಇರುವವರು ಸಾಮಾನ್ಯವಾಗಿ ತೆಳ್ಳಗಿರುತ್ತಾರೆ, ಓಡಾಡುತ್ತಾರೆ, ಸಕ್ಕರೆ ಕಾಯಿಲೆ ಇರುವುದಿಲ್ಲ. ಕಾಪಾಡಿದ್ದು ಎಚ್‌ಡಿಎಲ್ಲೋ ಅವರ ಬದುಕಿನ ರೀತಿಯೋ?

ಇದನ್ನು ತಿಳಿಯಲು ಔಷಧಿ ಕೊಟ್ಟು ಎಚ್‌ಡಿಎಲ್ ಏರಿಸಿ ನೋಡಿದರು. ಟಾರ್ಸೆಟ್ರಪಿಬ್ ಎಂಬ ಔಷಧಿ ಎಚ್‌ಡಿಎಲನ್ನು ಶೇ. 72ರಷ್ಟು ಏರಿಸಿತು. ಸುಮಾರು 15,000 ಜನರ ಮೇಲೆ ನಡೆಯುತ್ತಿದ್ದ ಆ ಪ್ರಯೋಗವನ್ನು 2006ರ ಡಿಸೆಂಬರ್‌ನಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಔಷಧಿ ತೆಗೆದುಕೊಂಡವರಲ್ಲಿ ಸಾವು ಜಾಸ್ತಿ ಆಗಿತ್ತು. ಆ ಔಷಧಿಗೆ ಬಿಪಿ ಏರಿಸುವಂಥ ತನ್ನದೇ ದೋಷಗಳಿದ್ದವು, ಅದನ್ನೂ ಹೇಳಬೇಕು. ಆದರೆ ಅದೇ ಜಾತಿಯ ಮುಂದಿನ ಎರಡು ಔಷಧಿಗಳು ಅಂಕಿ ಏರಿಸಿಯೂ ಉಪಯೋಗ ಕೊಡಲಿಲ್ಲ. ಎಚ್‌ಡಿಎಲ್ ಏರಿಸುವ ಇನ್ನೊಂದು ಔಷಧಿ ನಯಾಸಿನ್ ಕೂಡ 25,000ಕ್ಕೂ ಹೆಚ್ಚು ಜನರ ಪ್ರಯೋಗದಲ್ಲಿ ಹೃದಯಕ್ಕೆ ಏನೂ ಮಾಡಲಿಲ್ಲ, ತೊಂದರೆಗಳನ್ನೇ ತಂದಿತು. 2012ರಲ್ಲಿ ಇನ್ನೊಂದು ದಾರಿಯಿಂದ ನೋಡಿದರು. ಹುಟ್ಟಿನಿಂದ ಒಂದು ಜೀನ್ ಕಾರಣಕ್ಕೆ ಎಚ್‌ಡಿಎಲ್ ಮಾತ್ರ ಜಾಸ್ತಿ ಇರುವವರಿಗೆ ಹೃದಯಾಘಾತ ಕಡಿಮೆ ಆಗುತ್ತದಾ? ಆಗುವುದಿಲ್ಲ ಅನ್ನುವುದೇ ಉತ್ತರ.

ಎಲ್‌ಡಿಎಲ್ ಕಥೆ ಇದಕ್ಕೆ ಪೂರ್ತಿ ಬೇರೆ. ಅದನ್ನು ಸ್ಟಾಟಿನ್ ಎಂಬ ಕೊಲೆಸ್ಟ್ರಾಲ್ ಇಳಿಸುವ ಗುಳಿಗೆಯಿಂದ ಸುಮಾರು 39 ಮಿಲಿಗ್ರಾಂ ಇಳಿಸಿದರೆ ಹೃದಯಾಘಾತ, ಪಾರ್ಶ್ವವಾಯು ಇಂಥವು ಐದರಲ್ಲಿ ಒಂದು ಪಾಲು ತಪ್ಪುತ್ತವೆ. ಒಂದರ ಮೇಲೆ ಒಂದು ಪ್ರಯೋಗ ಇದನ್ನೇ ತೋರಿಸಿದೆ. ಹಾಗಾಗಿ ಒಳ್ಳೆಯದು ಕೆಟ್ಟದ್ದನ್ನು ತಿಂದು ಹಾಕುತ್ತದೆ ಎಂದು ಕೂರುವುದಕ್ಕೆ ಆಧಾರ ಇಲ್ಲ.

ಇನ್ನು 98 ಅನ್ನುವ ಅಂಕಿಯ ಬಗ್ಗೆ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ 1,16,508 ಜನರ ಲೆಕ್ಕ 2017ರಲ್ಲಿ ಪ್ರಕಟವಾಯಿತು. ಸಾವು ಎಲ್ಲರಿಗಿಂತ ಕಡಿಮೆ ಇದ್ದದ್ದು ಎಚ್‌ಡಿಎಲ್ 73ರ ಹತ್ತಿರ ಇದ್ದ ಗಂಡಸರಲ್ಲಿ, 93ರ ಹತ್ತಿರ ಇದ್ದ ಹೆಂಗಸರಲ್ಲಿ. ಗಂಡಸರಲ್ಲಿ 97ರಿಂದ ಆಚೆಗೆ ಅಪಾಯ ಏರುವುದು ಕಂಡಿತು. 116 ದಾಟಿದವರಲ್ಲಿ ಸಾವಿನ ಅಪಾಯ ಎರಡು ಪಟ್ಟು. ಎಚ್‌ಡಿಎಲ್ಲೇ ಕೊಂದಿತು ಅಂತ ಇದರ ಅರ್ಥ ಅಲ್ಲ. ಅಷ್ಟು ಏರುವುದಕ್ಕೆ ಹಿಂದಿರುವ ಕಾರಣ, ಜೀನೋ ಕಾಯಿಲೆಯೋ ಕುಡಿತವೋ, ಕೆಲಸ ಮಾಡಿರಬಹುದು. ಅದಕ್ಕೇ ಕಾರಣ ಹುಡುಕಬೇಕು ಅನ್ನುವುದು. ಹಾಗಂತ 65, 75 ಬಂದವರು ಗಾಬರಿ ಆಗಬೇಡಿ. ಇವರ ಮನೆಯವರದೇ 66. ಬೆಳಗ್ಗೆ ಎದ್ದಾಗಿನಿಂದ ಒಂದು ನಿಮಿಷ ಕೂರದ ಹೆಣ್ಣುಮಗಳು. ಎಲ್‌ಡಿಎಲ್ ಹಿಡಿತದಲ್ಲಿದೆ, ಬಿಪಿ ಇಲ್ಲ, ಸಕ್ಕರೆ ಇಲ್ಲ. ಅಂಥವರ ಎಚ್‌ಡಿಎಲ್ ಬಗ್ಗೆ ನಾನು ಒಂದು ಮಾತೂ ಆಡುವುದಿಲ್ಲ.

ಮಾಡಿದ್ದು

ಇವರಿಗೆ ನಂಬಿಕೆ ಬರಲು ಕಣ್ಣಿಗೆ ಕಾಣುವ ಸಾಕ್ಷಿ ಬೇಕಿತ್ತು. ಹುಬ್ಬಳ್ಳಿಗೆ ಕಳಿಸಿ ಹೃದಯದ ಸಿಟಿ ಕ್ಯಾಲ್ಸಿಯಂ ಸ್ಕೋರ್ ಮಾಡಿಸಿದೆ. ಇದಕ್ಕೆ ಚುಚ್ಚುಮದ್ದು ಬೇಡ, ಬಣ್ಣದ ದ್ರವ ಬೇಡ, ಕೆಲವು ನಿಮಿಷದ ಕೆಲಸ. ಹೃದಯದ ರಕ್ತನಾಳದಲ್ಲಿ ಗಟ್ಟಿಯಾದ ಸುಣ್ಣದ ಅಂಶ ಎಷ್ಟಿದೆ ಎಂದು ತೋರಿಸುತ್ತದೆ. ಸೊನ್ನೆ ಬಂದರೆ ಸಮಾಧಾನ. ನೂರು ದಾಟಿದರೆ ಸ್ಟಾಟಿನ್ ಬೇಕು ಅನ್ನುವುದರಲ್ಲಿ ಅನುಮಾನ ಉಳಿಯುವುದಿಲ್ಲ. ಇವರದು 140. ಚಿತ್ರದಲ್ಲಿ ಬೆಳ್ಳಗೆ ಹೊಳೆಯುವ ಚುಕ್ಕೆಗಳನ್ನು ಬೆರಳಿಟ್ಟು ತೋರಿಸಿದೆ. ಎಚ್‌ಡಿಎಲ್ 94, 98 ಇದ್ದ ದಿನಗಳಲ್ಲೂ ಅವು ಅಲ್ಲೇ ಇದ್ದವು.

ಜೊತೆಗೆ ಲಿಪೋಪ್ರೋಟೀನ್-ಎ, ಅಂದರೆ ಎಲ್‌ಡಿಎಲ್‌ನಂಥದೇ ಇನ್ನೊಂದು ಕೊಲೆಸ್ಟ್ರಾಲ್ ಕಣದ ಪರೀಕ್ಷೆ ಮಾಡಿಸಿದೆ. 62 ಬಂತು. 50 ದಾಟಿದರೆ ಜಾಸ್ತಿ. ಇದು ಹುಟ್ಟಿನಿಂದ ಬರುವುದು, ಊಟ-ವ್ಯಾಯಾಮದಿಂದ ಅಲ್ಲಾಡುವುದಿಲ್ಲ. ಹೃದಯ ವೈದ್ಯರ ಭಾರತೀಯ ಸಂಘ 2024ರ ಮಾರ್ಗಸೂಚಿಯಲ್ಲಿ ಜೀವನದಲ್ಲಿ ಒಮ್ಮೆಯಾದರೂ ಇದನ್ನು ನೋಡಿಸಿ ಎಂದು ಹೇಳಿದೆ. ಸಾಮಾನ್ಯ ಪ್ಯಾಕೇಜುಗಳಲ್ಲಿ ಇದು ಇರುವುದು ಕಡಿಮೆ. ಅಣ್ಣನಿಗೆ ಅಷ್ಟು ಬೇಗ ಹೃದಯಾಘಾತ ಆದದ್ದಕ್ಕೂ ಇದರ ನಂಟು ಇರಬಹುದು.

ರೋಸುವಸ್ಟಾಟಿನ್ ಶುರು ಮಾಡಿದೆ, ಬಿಪಿಗೆ ಟೆಲ್ಮಿಸಾರ್ಟನ್. ಎಲ್‌ಡಿಎಲ್ 70ರ ಕೆಳಗೆ ತರುವುದು ಗುರಿ. ಯಕೃತ್ತಿನ ಅಂಕಿ ಸ್ವಲ್ಪ ಜಾಸ್ತಿ ಇದ್ದರೂ ಇವರಿಗೆ ಸ್ಟಾಟಿನ್ ಕೊಡಲು ಅಡ್ಡಿ ಇರಲಿಲ್ಲ.

ಕುಡಿತ ಬಿಡಿಸುವುದು ಇದೆಲ್ಲಕ್ಕಿಂತ ದೊಡ್ಡ ಕೆಲಸ. "ನಾಳಿಂದ ಬಿಟ್ಟಬಿಡ್ತೀನ್ರಿ" ಎಂದು ಅವರು ಎದ್ದು ನಿಂತರು. ಕೂರಿಸಿದೆ. ವರ್ಷಗಟ್ಟಲೆ ದಿನಾ ಇಷ್ಟು ಕುಡಿಯುವವರು ಒಮ್ಮೆಲೇ ಬಿಟ್ಟರೆ ಕೈ ನಡುಕ, ನಿದ್ದೆಗೇಡು, ಭ್ರಮೆ, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ವೈದ್ಯರ ಕಣ್ಣಳತೆಯಲ್ಲಿ ಬಿಡಬೇಕು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕಳಿಸಿದೆ. ಹುಚ್ಚಾಸ್ಪತ್ರೆಗೆ ಕಳಿಸುತ್ತೀರಾ ಎಂದು ಮುಖ ಗಂಟಿಕ್ಕಿದರು. ಮನೆಯವರು ಒಂದೇ ಮಾತು ಆಡಿದರು: "ಅಣ್ಣಾರಂಗ ನಿಮ್ಮನ್ನ ಐಸಿಯು ಗಾಜಿನ್ಯಾಗಿಂದ ನೋಡೂದು ನನಗ ಆಗೂದಿಲ್ರಿ." ಮರುವಾರ ಹೋದರು. ಗುಳಿಗೆಯ ಸಹಾಯದಿಂದ ತೊಂದರೆ ಇಲ್ಲದೆ ಬಿಟ್ಟರು.

ಊಟದಲ್ಲಿ ನಾನು ದೊಡ್ಡ ಪಟ್ಟಿ ಕೊಡಲಿಲ್ಲ. ಜೋಳದ ರೊಟ್ಟಿ, ಕಾಳು ಪಲ್ಯ, ಹಸಿ ತರಕಾರಿ ಪಚಡಿ ತಿನ್ನುವ ಮನೆಗೆ ಹೊಸ ಊಟ ಹೇಳಿಕೊಡಬೇಕಾಗಿಲ್ಲ. ಕುಡಿಯುವಾಗ ಪಕ್ಕದಲ್ಲಿರುತ್ತಿದ್ದ ಮಿರ್ಚಿ ಭಜಿ, ವಾರಕ್ಕೆರಡು ಸಲದ ಸಾವಜಿ ಖಾನಾವಳಿ, ಅವೇ ತೊಂದರೆ. ಬಾಟಲಿಯ ಜೊತೆಗೇ ಅವೂ ಹೋದವು.

ಎಚ್‌ಡಿಎಲ್ ಇಳಿದಾಗ

ಆರು ವಾರಕ್ಕೆ ರಕ್ತ ಪರೀಕ್ಷೆ ಮಾಡಿಸಿದರು. ಎಚ್‌ಡಿಎಲ್ 71, ಎಲ್‌ಡಿಎಲ್ 86, ಟ್ರೈಗ್ಲಿಸರೈಡ್ 125. ರಿಪೋರ್ಟ್ ನನಗೆ ತಲುಪುವ ಮೊದಲೇ ಮನೆಯವರ ಫೋನ್ ಬಂತು. ದನಿಯಲ್ಲಿ ಗಾಬರಿ.

"ಡಾಕ್ಟ್ರ, ಒಳ್ಳೇದು ತೊಂಬತ್ತೆಂಟು ಇದ್ದದ್ದು ಎಪ್ಪತ್ತೊಂದಕ್ಕ ಬಂತಲ್ರಿ. ನಿಮ್ಮ ಗುಳಿಗಿ ಬ್ಯಾರೆ ಏನರ ಮಾಡಾಕತ್ತೈತೇನು?"

ಗುಳಿಗೆಯ ತಪ್ಪು ಇರಲಿಲ್ಲ. ಸ್ಟಾಟಿನ್ ಎಚ್‌ಡಿಎಲನ್ನು ಇಳಿಸುವುದಿಲ್ಲ, ಚೂರು ಏರಿಸಲೂಬಹುದು. ಇಳಿದದ್ದು ಕುಡಿತ ನಿಂತದ್ದರಿಂದ. ಮದ್ಯ ಉಬ್ಬಿಸಿದ್ದ ಅಂಕಿ ಮದ್ಯ ಹೋದ ಮೇಲೆ ಕೆಲವೇ ವಾರಗಳಲ್ಲಿ ಇಳಿಯುತ್ತದೆ. "ಅಕ್ಕಾರ, ಆ ಇಪ್ಪತ್ತೇಳು ಬಾಟಲಿಯಿಂದ ಬಂದಿತ್ತು, ಬಾಟಲಿ ಜೊತೆ ಹೋತು. ಜಿಜಿಟಿ ನೋಡ್ರಿ, ನೂರಾ ನಲವತ್ತೆರಡು ಇದ್ದದ್ದು ಎಪ್ಪತ್ತಕ್ಕ ಬಂದೈತಿ" ಎಂದೆ. ಸ್ವಲ್ಪ ಹೊತ್ತು ಮಾತು ಬರಲಿಲ್ಲ. ಆಮೇಲೆ "ಹಂಗಾರ ಇಳಿದದ್ದೇ ಛಲೋ ಆತಲ್ರಿ" ಎಂದರು.

ಈ ಫೋನ್ ಬಾರದೆ ಇದ್ದಿದ್ದರೆ ಅವರು ಗುಳಿಗೆಯನ್ನು ಮತ್ತೆ ನಿಲ್ಲಿಸುತ್ತಿದ್ದರು, ಅದರಲ್ಲಿ ಅನುಮಾನ ಬೇಡ. ಅಥವಾ ಗೆಳೆಯರು "ನೋಡು, ಬಿಟ್ಟಿದ್ದಕ್ಕ ಇಳೀತು, ಮತ್ತ ಶುರು ಮಾಡು" ಎನ್ನುತ್ತಿದ್ದರು. ಅದಕ್ಕೇ ಕುಡಿತ ಬಿಡುವವರಿಗೆ ಈಗ ನಾನು ಮೊದಲೇ ಹೇಳಿಬಿಡುತ್ತೇನೆ: ಮುಂದಿನ ಪರೀಕ್ಷೆಯಲ್ಲಿ ಎಚ್‌ಡಿಎಲ್ ಇಳಿಯುತ್ತದೆ, ಹೆದರಬೇಡಿ.

ನಾಲ್ಕು ತಿಂಗಳಿಗೆ ಒಟ್ಟು ಕೊಲೆಸ್ಟ್ರಾಲ್ 154, ಎಚ್‌ಡಿಎಲ್ 62, ಟ್ರೈಗ್ಲಿಸರೈಡ್ 120, ಎಲ್‌ಡಿಎಲ್ 68. ಕಳೆಯುವ ಲೆಕ್ಕ ಮಾಡಿದರೆ 92, ಮೊದಲು ಇದೇ 184 ಇತ್ತು. ಸರಿಯಾಗಿ ಅರ್ಧ. ಬಿಪಿ 130/82. ಜಿಜಿಟಿ 46. ಸೊಂಟದ ಸುತ್ತಳತೆ ನಾಲ್ಕು ಸೆಂಟಿಮೀಟರ್ ಇಳಿದಿದೆ, ಇನ್ನೂ ಇಳಿಯಬೇಕು. ಕ್ಯಾಲ್ಸಿಯಂ ಸ್ಕೋರ್ ಮತ್ತೆ ಮಾಡಿಸಿ ಎಂದು ಅವರು ಕೇಳಿದರು. ಬೇಡ ಎಂದೆ. ಸ್ಟಾಟಿನ್ ತೆಗೆದುಕೊಂಡಾಗ ಮೆತ್ತಗಿರುವ ಕೊಬ್ಬು ಗಟ್ಟಿಯಾಗಿ ಸ್ಕೋರ್ ಏರಲೂಬಹುದು. ಅದನ್ನು ನೋಡಿ ಮತ್ತೆ ಗಾಬರಿ ಯಾಕೆ?

ಲಿಪೋಪ್ರೋಟೀನ್-ಎ ಮನೆತನದಲ್ಲಿ ಹರಿಯುವುದರಿಂದ ಮಗನನ್ನೂ ಅಣ್ಣನ ಮಕ್ಕಳನ್ನೂ ಪರೀಕ್ಷೆ ಮಾಡಿಸಲು ಹೇಳಿದೆ. ಮಗನದು 71 ಬಂದಿದೆ, ಅಪ್ಪನಿಗಿಂತ ಜಾಸ್ತಿ. ಅವನಿಗೆ 27 ವರ್ಷ. ಎಲ್‌ಡಿಎಲ್ 118, ಎಚ್‌ಡಿಎಲ್ 44. ಈಗಲೇ ಗುಳಿಗೆ ಬೇಡ ಎಂದು ತೀರ್ಮಾನಿಸಿದ್ದೇವೆ. ತೂಕ ಇಳಿಸಬೇಕು, ಸಿಗರೇಟು ಬಿಡಬೇಕು, ವರ್ಷಕ್ಕೊಮ್ಮೆ ಎಲ್‌ಡಿಎಲ್ ಮತ್ತು ಬಿಪಿ ನೋಡಿಸಬೇಕು. ಸಿಗರೇಟಿನ ವಿಷಯ ಅಪ್ಪನಿಗೆ ಗೊತ್ತಿರಲಿಲ್ಲ, ಅವನೇ ಹೇಳಿಕೊಂಡ. ಅಣ್ಣನ ಮಕ್ಕಳಿಬ್ಬರ ರಿಪೋರ್ಟ್ ಇನ್ನೂ ಬರಬೇಕು.